ಬೇರೆ ಕೋರ್ಸ್ ಈಗಲೇ ಬೇಡ

ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನಲ್ಲಿ ಪತ್ರಿಕೋದ್ಯಮ ಎಂ.ಎ. ಓದುತ್ತಾ ಕ್ರೀಡಾ ವರದಿಗಾರಿಕೆಗೆ ಬೇರೆ ಕೋರ್ಸ್ ಮಾಡಬೇಕಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಗಂಗೋತ್ರಿ ಗ್ಲೇಡ್ಸ್ ಮೈದಾನ ಅಲ್ಲೇ ಇದೆ, ಅಲ್ವಾ? 2010ರ ಜನವರಿಯಲ್ಲಿ ರಣಜಿ ಫೈನಲ್ ನಡೆದದ್ದು ಅಲ್ಲಿ. 338 ರನ್ ಬೆನ್ನಟ್ಟಿದ ಕರ್ನಾಟಕ ಮುಂಬೈಗೆ ಬರೀ 6 ರನ್‌ಗಳಿಂದ ಸೋತಿತು. ಕರ್ನಾಟಕದ ಮನೀಷ್ ಪಾಂಡೆ 144 ಹೊಡೆದಿದ್ದರು. ಆ ಸ್ಕೋರ್‌ಕಾರ್ಡ್ ಹುಡುಕಿ, ಅರ್ಧ ಗಂಟೆಯಲ್ಲಿ 200 ಪದಗಳ ವರದಿ ಬರೆಯಿರಿ. ಮೊದಲ ಸಾಲು ಪಾಂಡೆಗೋ, ಆ 6 ರನ್‌ಗೋ? ಕಷ್ಟ ಇರುವುದು ಅಲ್ಲೇ. ಟಾಸ್‌ನಿಂದ ಶುರು ಮಾಡಿದರೆ ಪತ್ರಿಕೆಯಲ್ಲಿ ವರದಿ ತಿದ್ದುವ ಡೆಸ್ಕ್‌ನವರು ಕತ್ತರಿ ಹಾಕುತ್ತಾರೆ.

ಆಮೇಲೆ ಅಂತರ ಕಾಲೇಜು ಕಬಡ್ಡಿ, ಹಾಕಿಗೆ ಹೋಗಿ. ಅಲ್ಲಿ ಸ್ಕೋರ್ ನೀವೇ ಬರೆದುಕೊಳ್ಳಬೇಕು, ಹೆಸರುಗಳನ್ನು ಆಟಗಾರರನ್ನೇ ಕೇಳಿ ಖಚಿತ ಮಾಡಿಕೊಳ್ಳಬೇಕು. ಕ್ರಿಕೆಟ್ ಬರೆಯುವವರು ಹೇಗೂ ಜಾಸ್ತಿ. ಅಥ್ಲೆಟಿಕ್ಸ್ ನಿಯಮಗಳನ್ನೂ ಓದಿಟ್ಟುಕೊಳ್ಳಿ.