ಕಟ್ಲೆಟ್‌ನಿಂದ ಶುರು ಮಾಡಿ

ನಮಸ್ಕಾರ. ಇಂಗ್ಲಿಷಿಗೆ ಹೋದ ಜಪಾನಿ ಮೊಟಕುಪದಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ಹಾಗೆ ಪ್ರಕಟಿಸಲಾಗದು. ವಿಷಯ ಒಳ್ಳೆಯದೇ, ಆದರೆ ಬರೆದದ್ದು ಪದಪಟ್ಟಿಯಾಗಿದೆ.

ಮೊದಲು ತಪ್ಪುಗಳು. ‘ಎಮೋಜಿ’ಗೂ ‘ಎಮೋಷನ್’ಗೂ ನೆಂಟಸ್ತಿಕೆಯೇ ಇಲ್ಲ. ‘ಎ’ ಅಂದರೆ ಚಿತ್ರ, ‘ಮೊಜಿ’ ಅಂದರೆ ಅಕ್ಷರ. ಅಲ್ಲಿ ಏನನ್ನೂ ಮೊಟಕು ಮಾಡಿಲ್ಲ. ‘ತ್ಸುನಾಮಿ’ಯೂ ಇಡೀ ಪದವೇ. ಎರಡನ್ನೂ ತೆಗೆಯಿರಿ.

‘ಜಪಾನೀಯರು ಮನಬಂದಂತೆ ಕತ್ತರಿಸುತ್ತಾರೆ’ ಎಂದಿದ್ದೀರಿ. ಹಾಗಲ್ಲ, ಎಣಿಸಿ ಕತ್ತರಿಸುತ್ತಾರೆ. ನಮ್ಮ ಛಂದಸ್ಸಿನ ಮಾತ್ರೆಗೆ ತೀರ ಹತ್ತಿರದ ಲೆಕ್ಕ ಅದು. ಎರಡು ಪದ ಕೂಡಿದಾಗ ಸಾಮಾನ್ಯವಾಗಿ ಒಂದೊಂದರಿಂದ ಎರಡೆರಡು ಮಾತ್ರೆ ಉಳಿಸುತ್ತಾರೆ. ‘ಪೊಕೆತ್ತೊ ಮೊನ್ಸುತಾ’ದಿಂದ (ಪಾಕೆಟ್ ಮಾನ್‌ಸ್ಟರ್) ಪೊಕೆ, ಮೊನ್. ‘ಮೊನ್’ ಗುರು, ಅಲ್ಲಿಗೆ ನಾಲ್ಕು. ‘ಕೊಸುಚೂಮು ಪುರೇ’ (ಕಾಸ್ಟ್ಯೂಮ್ ಪ್ಲೇ, ಕಥಾಪಾತ್ರಗಳ ವೇಷ ಹಾಕುವುದು) ಕೊಸುಪುರೆ ಆಗುವಾಗ ‘ರೇ’ ಹ್ರಸ್ವವಾದದ್ದು ಈ ಲೆಕ್ಕಕ್ಕಾಗಿಯೇ. ‘ಕರ’ ಅಂದರೆ ಬರಿದು. ಅದಕ್ಕೆ ‘ಓಕೆಸುತೊರ’ (ಆರ್ಕೆಸ್ಟ್ರಾ) ಸೇರಿದಾಗ ‘ಓ’ದ ಎಳೆತ ಬಿದ್ದುಹೋಗಿ ಕರಒಕೆ. ಒಂಟಿ ಪದದಲ್ಲಿ ನಿಯಮ ಸಡಿಲ: ‘ಅನಿಮೆ’ (ಆನಿಮೇಷನ್) ಮೂರೇ ಮಾತ್ರೆ.

ನೀವು ಕೇಳಿಕೊಳ್ಳದೆ ಬಿಟ್ಟ ಪ್ರಶ್ನೆಯೊಂದಿದೆ: ‘ಪಸೊಕೊನ್’ (ಪರ್ಸನಲ್ ಕಂಪ್ಯೂಟರ್), ‘ರಿಮೊಕೊನ್’ (ರಿಮೋಟ್ ಕಂಟ್ರೋಲ್) ಜಪಾನಿನಲ್ಲಿ ದಿನಬಳಕೆಯವು, ಇಂಗ್ಲಿಷಿಗೆ ಏಕೆ ಹೋಗಲಿಲ್ಲ? ಅಲ್ಲಿ ‘ಪಿಸಿ’, ‘ರಿಮೋಟ್’ ಆಗಲೇ ಇದ್ದವು. ‘ಅನಿಮೆ’ಗೆ ಬೇರೆ ಕೆಲಸ ಸಿಕ್ಕಿತು. ಜಪಾನಿನಲ್ಲಿ ಡಿಸ್ನಿಯದೂ ಅನಿಮೆಯೇ. ಇಂಗ್ಲಿಷಿನಲ್ಲಿ ಜಪಾನಿನದು ಮಾತ್ರ.

ನಿಮ್ಮ ಅತ್ಯುತ್ತಮ ಪದ ‘ಕತ್ಸು’ ಹದಿನೇಳನೆಯ ಸಾಲಿನಲ್ಲಿ ಹೂತುಹೋಗಿದೆ. ಅದು ನಮ್ಮ ಬೇಕರಿಯವರಿಗೂ ಗೊತ್ತಿರುವ ಕಟ್ಲೆಟ್! ‘ಟ್ಲ’ ಜಪಾನಿ ನಾಲಿಗೆಗೆ ಒಗ್ಗದು, ‘ಲ’ ‘ರ’ ಆಗುತ್ತದೆ, ಕೊನೆಗೊಂದು ಸ್ವರ ಬೇಕು; ಹಾಗಾಗಿ ಕತ್ಸುರೆತ್ಸು. ಅರ್ಧ ಕತ್ತರಿಸಿದರೆ ಕತ್ಸು. (ನಮ್ಮ ಲೆಕ್ಕದಲ್ಲಿ ಒತ್ತಕ್ಷರದ ಹಿಂದಿನ ‘ಕ’ ಗುರುವಾದೀತು, ಅವರಿಗೆ ‘ತ್ಸು’ ಒಂದೇ ಸದ್ದು, ‘ಕ’ ಲಘುವೇ.) ಹಂದಿಮಾಂಸದ್ದಾದರೆ ತೊನ್‌ಕತ್ಸು. ಬ್ರಿಟನ್ನಿಗೆ ಮರಳಿದ ಮೇಲೆ ಕರಿದ ತುಂಡಿನ ಹೆಸರು ಪಕ್ಕದ ಸಾರಿಗೆ, ಅಂದರೆ ‘ಕರಿ’ಗೆ, ಅಂಟಿಕೊಂಡಿದೆ: ಕಟ್ಲೆಟ್ಟೇ ಇಲ್ಲದ ‘ಕರಿ’ಯನ್ನೂ ಅಲ್ಲಿ ಎಷ್ಟೋ ಜನ ಕತ್ಸು ಎನ್ನುತ್ತಾರೆ. 2024ರಲ್ಲಿ ಆಕ್ಸ್‌ಫರ್ಡ್ ನಿಘಂಟು ಈ ಪದವನ್ನು ಸೇರಿಸಿಕೊಂಡಿತು.

ಇಲ್ಲಿಂದಲೇ ಶುರು ಮಾಡಿ. ನಲವತ್ತು ಪದ ಬೇಡ. ಕತ್ಸು, ಕರಒಕೆ, ಅನಿಮೆ ಸಾಕು. ಪ್ರತಿಯೊಂದಕ್ಕೂ ಮೂಲರೂಪ, ಕತ್ತರಿಸಿದ ಜಾಗ, ಮರಳಿದಾಗಿನ ಅರ್ಥ ಕೊಡಿ. ಕರಒಕೆಯನ್ನು ಮೂರು ಥರ ಬರೆದಿದ್ದೀರಿ, ಒಂದಕ್ಕೆ ನಿಲ್ಲಿ. ‘ಭಾಷೆ ಹರಿಯುವ ನದಿ’ ಎಂಬ ಕೊನೆಯ ಪ್ಯಾರಾ ಹೊಡೆದುಹಾಕಿ. ಏಳುನೂರು ಪದದೊಳಗೆ ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ.