ಪೆರ್ಲದ ಮಾಷ್ಟ್ರಿಗೆ, ನಿಮ್ಮ ಲೇಖನದ ಬಗ್ಗೆ

ಮಾಷ್ಟ್ರೇ, ನಮಸ್ಕಾರ.

'ನಾವು ಕರಗುತ್ತಿದ್ದೇವೆ' ಎರಡು ಸಲ ಓದಿದೆ. ಹೀಗೇ ಹಾಕಲು ಆಗುವುದಿಲ್ಲ. ಯಾಕೆ ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ, ಬೇಸರ ಬೇಡ.

ಕಾಸರಗೋಡಿನ ಕನ್ನಡಿಗರು ಹೊರಗಿನವರೊಡನೆ ಬೆರೆತರು, ಅದಕ್ಕೇ ಮಕ್ಕಳು ಕಡಿಮೆಯಾದರು ಎನ್ನುತ್ತೀರಿ. ಸಾಕ್ಷಿ, ನಿಮ್ಮ ಶಾಲೆಯ ಒಂದನೇ ಕ್ಲಾಸಿನ ನಾಲ್ಕೇ ಮಕ್ಕಳು. ಆದರೆ ಬೆಳಿಗ್ಗೆ ಅದೇ ಗೇಟಿನೆದುರು ಇಂಗ್ಲಿಷ್ ಮೀಡಿಯಂ ವ್ಯಾನು ಮಕ್ಕಳನ್ನು ತುಂಬಿಕೊಂಡು ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ! ಮಕ್ಕಳು ಹುಟ್ಟದಿರುವುದು ಬೇರೆ, ಹುಟ್ಟಿದವರು ಕನ್ನಡ ಶಾಲೆಗೆ ಬಾರದಿರುವುದು ಬೇರೆ.

ಮತ್ತೆ, 'ನಾವು' ಅಂದರೆ ಯಾರು? ಮನೆಯಲ್ಲಿ ತುಳು, ಹವ್ಯಕ, ಕೊಂಕಣಿ, ಮರಾಠಿ, ಶಾಲೆಯಲ್ಲಿ ಕನ್ನಡ. ನಮ್ಮ ಕಡೆಯ ಕನ್ನಡಿಗರು ಮೊದಲಿನಿಂದಲೂ ಬೆರೆತವರೇ.

ಮಕ್ಕಳು ಕಡಿಮೆಯಾದದ್ದನ್ನೂ, ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ಗಡಿಯ ಮೇಲೆ ಹೊರಿಸಿದ್ದೀರಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ: ಒಬ್ಬ ಹೆಂಗಸಿಗೆ ಸರಾಸರಿ ಮಕ್ಕಳು ಕೇರಳದಲ್ಲಿ 1.8, ಕರ್ನಾಟಕದಲ್ಲಿ 1.7. ಗಡಿಯ ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೂ ತೊಟ್ಟಿಲು ಜಾಸ್ತಿ ಇಲ್ಲ, ಅಲ್ವಾ?

ಒಳಗೊಳಗೇ ಇರುವವರಿಗೆ ಮಕ್ಕಳು ಜಾಸ್ತಿ ಎನ್ನಲು ಅಮೆರಿಕದ ಆಮಿಶ್ ಎಂಬ ಕ್ರೈಸ್ತ ಪಂಗಡದವರನ್ನು ಕರೆತಂದಿದ್ದೀರಿ. ಸರಿ, ಅಲ್ಲಿ ಮನೆಗೆ ಐದಾರು ಮಕ್ಕಳು ಸಾಮಾನ್ಯ. ಆದರೆ ನಮ್ಮ ಪಾರ್ಸಿಗಳೂ ಒಳಗೊಳಗೇ ಮದುವೆ ಬಯಸುವವರು. 2001ರ ಗಣತಿಯಲ್ಲಿ 69,601 ಇದ್ದರು, 2011ಕ್ಕೆ 57,264. ಆಮಿಶ್ ಮಕ್ಕಳ ಓದು ಎಂಟನೇ ಕ್ಲಾಸಿಗೆ ಮುಗಿಯುತ್ತದೆ, ಮದುವೆಯೂ ಬೇಗ. ಪಾರ್ಸಿಗಳು ಓದಿದವರು, ಮದುವೆ ತಡ, ಮದುವೆಯೇ ಆಗದವರೂ ಬಹಳ. ಮೇಲಾಗಿ, ಹೊರಗೆ ಮದುವೆಯಾದ ಹೆಣ್ಣಿನ ಮಕ್ಕಳನ್ನು ಅವರಲ್ಲಿ ಹೆಚ್ಚಿನವರು ತಮ್ಮವರೆಂದು ಒಪ್ಪುವುದಿಲ್ಲ. ಅಲ್ಲಿ ಬೇಲಿಯೇ ಲೆಕ್ಕ ಇಳಿಸಿದೆ.

ನಿಮ್ಮ ಲೇಖನದ ಜೀವ ಇರುವುದು ಆರನೇ ಪುಟದಲ್ಲಿ. ಅಜ್ಜಿ ಅಡಿಕೆ ಸುಲಿಯುತ್ತಾ ಬೆರಳು ಮಡಚುತ್ತಾರೆ: ಹೆತ್ತದ್ದು ಒಂಬತ್ತು, ಉಳಿದದ್ದು ಆರು. ರಜೆಗೆ ಬಂದ ನಿಮ್ಮಕ್ಕ, "ನಂಗೆ ಒಂದೇ ಸಾಕು. ಬೆಂಗಳೂರಲ್ಲಿ ಇನ್ನೊಂದನ್ನು ನೋಡಿಕೊಳ್ಳುವುದು ಯಾರು?" ಎನ್ನುತ್ತಾರೆ. ಅಜ್ಜಿ ಏನೂ ಹೇಳದೆ ಸಿಪ್ಪೆ ಗುಡಿಸುತ್ತಾರೆ. ಇದಕ್ಕೆ ಮೂರೇ ಸಾಲು ಕೊಟ್ಟು, ಸಂಸ್ಕೃತಿಯ ಉಳಿವಿಗೆ ಎರಡು ಪುಟ ಕೊಟ್ಟಿದ್ದೀರಲ್ಲ ಮಾರಾಯರೇ!

ಆ ಎರಡು ಪುಟ ತೆಗೆಯಿರಿ. ಅಜ್ಜಿಯಿಂದ ಶುರು ಮಾಡಿ. ಅಕ್ಕನ ಹತ್ತಿರ ಕೂತು ಇನ್ನಷ್ಟು ಕೇಳಿ. ಒಂದು ದಿನ ಗೇಟಿನ ಹತ್ತಿರ ನಿಂತು, ಆ ವ್ಯಾನಿನಲ್ಲಿ ಕನ್ನಡ ಆಡುವ ಮಕ್ಕಳು ಎಷ್ಟು ಅಂತ ಸುಮ್ನೆ ಎಣಿಸಿ. ದೀಪಾವಳಿ ಕಳೆದು ಕಳಿಸಿದರೂ ಆದೀತು.