ಹೊಸಿಲು ದಾಟಿದರೆ ಎದೆ ಡವಡವ, ಮತ್ತೆ ಬಸ್ಸು ಹತ್ತುವುದು ಹೇಗೆ?

ಪ್ರಶ್ನೆ: ನನಗೆ 38 ವರ್ಷ, ಮೈಸೂರಿನ ಕುವೆಂಪುನಗರದಲ್ಲಿದ್ದೇವೆ. ಎಂಟು ತಿಂಗಳ ಹಿಂದೆ ದೇವರಾಜ ಮಾರುಕಟ್ಟೆಯಲ್ಲಿ ಹೂವು, ಹಣ್ಣು ತಗೊಂಡು ಸಿಟಿ ಬಸ್ಸಿನಲ್ಲಿ ನಿಂತು ಬರುತ್ತಿದ್ದೆ. ಇದ್ದಕ್ಕಿದ್ದ ಹಾಗೆ ಎದೆ ಹೊಡೆದುಕೊಳ್ಳತೊಡಗಿತು, ಬೆರಳು ಜೋಮು ಹಿಡಿದವು, ಉಸಿರು ಸಿಗಲಿಲ್ಲ. ಇಲ್ಲೇ ಸತ್ತುಹೋಗ್ತೀನಿ ಅನ್ನಿಸಿ ಅರ್ಧದಲ್ಲೇ ಇಳಿದು ಆಟೊ ಹಿಡಿದು ಆಸ್ಪತ್ರೆಗೆ ಹೋದೆ. ಇಸಿಜಿ, ಎಕೋ, ಥೈರಾಯ್ಡ್, ರಕ್ತ ಎಲ್ಲ ನಾರ್ಮಲ್. ಆಮೇಲೆ ಬಸ್ಸು ಬಿಟ್ಟೆ, ಮಾರುಕಟ್ಟೆ ಬಿಟ್ಟೆ, ಈಗ ಬೀದಿ ಕೊನೆಯ ಹಾಲಿನ ಬೂತಿಗೂ ಒಬ್ಬಳೇ ಹೋಗಲಾರೆ. ಯಜಮಾನರೇ ಎಲ್ಲ ತರುತ್ತಾರೆ. ಅತ್ತೆ ದೃಷ್ಟಿ ತೆಗೆದು ತಾಯತ ಕಟ್ಟಿಸಿದ್ದಾರೆ. ಪರ್ಸಿನಲ್ಲಿ ಅಲ್ಪ್ರಜೋಲಮ್ ಮಾತ್ರೆ ಇಟ್ಟುಕೊಂಡಿರುತ್ತೇನೆ, ತೀರಾ ಕಷ್ಟವಾದಾಗ ಅರ್ಧ ನುಂಗುತ್ತೇನೆ. ಎರಡು ತಿಂಗಳಿಗೆ ಮಂಡ್ಯದಲ್ಲಿ ಅಕ್ಕನ ಮಗಳ ಮದುವೆ ಇದೆ. ನನಗೆ ಹುಚ್ಚು ಹಿಡಿಯುತ್ತಿದೆಯೆ?

ಉತ್ತರ: ಇಲ್ಲಮ್ಮ, ಹುಚ್ಚು ಹಿಡಿಯುತ್ತಿಲ್ಲ. ಬಸ್ಸಿನಲ್ಲಿ ನಿಮಗಾದದ್ದು ಪ್ಯಾನಿಕ್ ಅಟ್ಯಾಕ್. ಅದು ಮತ್ತೆ ಬಂದೀತು ಎಂಬ ಭಯಕ್ಕೆ ಬಸ್ಸು, ಸಂತೆ, ಬೀದಿ ಒಂದೊಂದಾಗಿ ಬಿಟ್ಟಿದ್ದೀರಲ್ಲ, ಅದರ ಹೆಸರು ಅಗೋರಾಫೋಬಿಯಾ. ಈ ಹೆಸರಿಟ್ಟವರು ಬರ್ಲಿನ್ನಿನ ವೈದ್ಯ ಕಾರ್ಲ್ ವೆಸ್ಟ್‌ಫಾಲ್, 1871ರಲ್ಲಿ. ಅಗೋರಾ ಎಂದರೆ ಗ್ರೀಕ್ ಭಾಷೆಯಲ್ಲಿ ಜನ ಸೇರುವ ಜಾಗ, ಪೇಟೆ. ಆದರೆ ನಿಮಗಿರುವುದು ಪೇಟೆಯ ಭಯವಲ್ಲ. ಅಲ್ಲಿ ಏನಾದರೂ ಆದರೆ ಹೊರಗೆ ಬರಲು ಆಗದು, ಹಿಡಿಯುವವರು ಇರುವುದಿಲ್ಲ ಎಂಬ ಭಯ. ಆರು ತಿಂಗಳಿಗೂ ಮೀರಿ ಹೀಗೇ ಇದ್ದರೆ ವೈದ್ಯರು ಇದನ್ನು ಕಾಯಿಲೆ ಎಂದೇ ಗುರುತಿಸುತ್ತಾರೆ. ನಿಮಗೆ ಎಂಟು ತಿಂಗಳಾಗಿದೆ, ಇನ್ನು ತಡ ಮಾಡಬೇಡಿ.

ದೇಹದೊಳಗೆ ಆಗುವುದೇನು ಎಂದು ತಿಳಿದರೆ ಅರ್ಧ ಧೈರ್ಯ ಬರುತ್ತದೆ. ಗಾಬರಿಯಾದಾಗ ಅಡ್ರಿನಲಿನ್ ಏರಿ ಎದೆಬಡಿತ ಜೋರಾಗುತ್ತದೆ. ಗೊತ್ತಿಲ್ಲದೆಯೇ ನಾವು ಬೇಗ ಬೇಗ ಉಸಿರೆಳೆಯುತ್ತೇವೆ, ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗುತ್ತದೆ. ಬೆರಳು ಜೋಮು ಹಿಡಿಯುವುದು, ತಲೆ ಸುತ್ತುವುದು ಅದರಿಂದಲೇ. ಗಾಳಿ ಸಾಲದೆ ಅಲ್ಲ, ಹೆಚ್ಚಾಗಿ! ತಲೆ ಸುತ್ತಿ ಬಿದ್ದುಹೋಗುತ್ತೇನೆ ಎಂದು ಅನ್ನಿಸುತ್ತದೆ, ನಿಜ. ಆದರೆ ಜ್ಞಾನ ತಪ್ಪಬೇಕಾದರೆ ಸಾಮಾನ್ಯವಾಗಿ ಬಿಪಿ ಇಳಿಯಬೇಕು, ಗಾಬರಿಯಲ್ಲಿ ಅದು ಏರುತ್ತದೆ. ಹಾಗಾಗಿ ಪ್ಯಾನಿಕ್‌ನಲ್ಲಿ ಜ್ಞಾನ ತಪ್ಪುವುದು ಅಪರೂಪ. ಸುಮಾರು ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ.

ಅಂದು ನೀವು ಆ ಇಳಿತ ನೋಡಲಿಲ್ಲ, ಅದಕ್ಕೆ ಮೊದಲೇ ಬಸ್ಸಿನಿಂದ ಇಳಿದಿರಿ. ನಿಮ್ಮ ತಪ್ಪೇನಿಲ್ಲ, ಯಾರಾದರೂ ಹಾಗೇ ಮಾಡುತ್ತಿದ್ದರು. ಆದರೆ "ಇಳಿದದ್ದಕ್ಕೇ ಬದುಕಿದೆ" ಎಂದು ಮನಸ್ಸು ಬರೆದಿಟ್ಟುಕೊಂಡಿತು. ಆಮೇಲೆ ಪ್ರತಿಸಲ ಹೊರಡದೆ ಮನೆಯಲ್ಲಿ ಉಳಿದಾಗಲೂ ಆ ಬರಹ ಗಟ್ಟಿಯಾಗಿದೆ. ಭಯ ಪೂರ್ತಿ ಹೋಗಲಿ, ಆಮೇಲೆ ಹೊರಗೆ ಹೋಗೋಣ ಎಂದು ಕಾದರೆ ಅದು ಹೋಗುವುದಿಲ್ಲ. ಭಯ ಇರುವಾಗಲೇ ಹೊರಟು, ಅದು ಇಳಿಯುವವರೆಗೂ ಅಲ್ಲಿಯೇ ಇರಬೇಕು. ಚಿಕಿತ್ಸೆಯ ತಿರುಳು ಇದೇ.

ನಾಳೆ ಬೆಳಿಗ್ಗೆ ಗೇಟಿನ ಆಚೆ ಹೋಗಿ ನಿಲ್ಲಿ. ಎದೆ ಹೊಡೆದುಕೊಳ್ಳಲಿ, ಬಿಡಿ. ಮೆಲ್ಲಗೆ ಉಸಿರು ಬಿಡಿ, ಎಳೆಯುವುದಕ್ಕಿಂತ ಬಿಡುವುದು ಉದ್ದವಾಗಿರಲಿ. ಗಾಬರಿ ಸುಮಾರು ಅರ್ಧಕ್ಕಿಳಿದ ಮೇಲೆ ಒಳಗೆ ಬನ್ನಿ. ದಿನಾ ಅದನ್ನೇ ಮಾಡಿ, ಬೇಸರ ಬರುವಷ್ಟು. ನಂತರ ಹಾಲಿನ ಬೂತು, ಮೊದಲು ಜನವಿಲ್ಲದ ಹೊತ್ತಿನಲ್ಲಿ, ಆಮೇಲೆ ಸಾಲು ಇರುವಾಗ. ಬಸ್ಸಿನ ವಿಷಯಕ್ಕೆ ಬಂದರೆ, ಶಕ್ತಿ ಯೋಜನೆ ನಿಮಗೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಆಧಾರ್ ತೋರಿಸಿ ಶೂನ್ಯ ಟಿಕೆಟ್ ತಗೊಂಡು ಒಂದೇ ಸ್ಟಾಪು ಹೋಗಿ ಇಳಿಯಿರಿ, ಮತ್ತೊಂದು ಬಸ್ಸಿನಲ್ಲಿ ವಾಪಸ್ ಬನ್ನಿ. ಖರ್ಚಿಲ್ಲ, ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಒಂದು ಸ್ಟಾಪು ಎರಡಾಗಲಿ, ಎರಡು ನಾಲ್ಕಾಗಲಿ, ಕೊನೆಗೆ ಸಿಟಿ ಬಸ್ ನಿಲ್ದಾಣ, ಅಲ್ಲಿಂದ ನಡೆದು ದೇವರಾಜ ಮಾರುಕಟ್ಟೆ. ಒಂದು ದಿನ ಮುಂದೆ, ಎರಡು ದಿನ ಹಿಂದೆ ಎನ್ನುವ ವಾರಗಳೂ ಬರುತ್ತವೆ. ಆ ವಾರ ಚಿಕ್ಕ ಮೆಟ್ಟಿಲಿಗೆ ಇಳಿಯಿರಿ, ನಿಲ್ಲಿಸಬೇಡಿ.

ನಿಮ್ಮ ಯಜಮಾನರಿಗೊಂದು ಮಾತು. ನೀವು ಪ್ರೀತಿಯಿಂದ ಎಲ್ಲ ತಂದುಕೊಡುತ್ತಿದ್ದೀರಿ, ಆ ಪ್ರೀತಿಯೇ ಅವರನ್ನು ಒಳಗೆ ಉಳಿಸುತ್ತಿದೆ. ಮೊದಲ ವಾರ ಜೊತೆಗೆ ನಡೆಯಿರಿ, ಎರಡನೆಯ ವಾರ ಹತ್ತು ಹೆಜ್ಜೆ ಹಿಂದೆ, ಆಮೇಲೆ ಮನೆಯಲ್ಲೇ ಫೋನ್ ಹಿಡಿದು ಕೂರಿ. ಕೊನೆಗೆ ಫೋನೂ ಬೇಡ. ಅತ್ತೆಯವರ ತಾಯತವನ್ನು ಕಿತ್ತುಹಾಕಿ ಮನೆಯಲ್ಲಿ ಜಗಳ ತಂದುಕೊಳ್ಳುವುದು ನನಗೆ ಇಷ್ಟವಿಲ್ಲ. ಆದರೆ ಅದು ಕೈಯಲ್ಲಿದ್ದರೆ ಮಾತ್ರ ಹೊರಡುತ್ತೇನೆ ಎನ್ನುವ ಹಾಗಾಗಬಾರದು.

ಪರ್ಸಿನ ಮಾತ್ರೆಯ ಬಗ್ಗೆಯೂ ನನ್ನ ಚಿಂತೆ ಅದೇ. ಅಲ್ಪ್ರಜೋಲಮ್ ತಕ್ಷಣ ಕೆಲಸ ಮಾಡುತ್ತದೆ, ಆದರೆ ಅಭ್ಯಾಸವಾಗುತ್ತದೆ, ಜೊತೆಗೆ "ಮಾತ್ರೆಯಿಂದ ಬದುಕಿದೆ" ಎಂದು ಮನಸ್ಸು ಮತ್ತೆ ಬರೆದಿಡುತ್ತದೆ. ಎಷ್ಟು ದಿನಕ್ಕೆ ಎಷ್ಟು ನುಂಗುತ್ತಿದ್ದೀರಿ ಎಂದು ಮನೋವೈದ್ಯರಿಗೆ ಮುಚ್ಚಿಡದೆ ಹೇಳಿ. ದಿನಾ ತೆಗೆದುಕೊಳ್ಳುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದು ಅಪಾಯ. ಈ ಕಾಯಿಲೆಗೆ ಸಾಮಾನ್ಯವಾಗಿ ಕೊಡುವುದು ಎಸ್ಸಿಟಲೋಪ್ರಾಮ್, ಸರ್ಟ್ರಲಿನ್ ತರಹದ ಔಷಧ. ಅವು ಹಿಡಿಯಲು ಕೆಲವು ವಾರ ಬೇಕು, ಮೊದಲ ದಿನಗಳಲ್ಲಿ ಗಾಬರಿ ಸ್ವಲ್ಪ ಹೆಚ್ಚಿದ ಹಾಗೂ ಅನ್ನಿಸಬಹುದು. ಹೆದರಿ ಬಿಟ್ಟುಬಿಡದೆ ವೈದ್ಯರಿಗೆ ತಿಳಿಸಿ. ದಿನಕ್ಕೆ ನಾಲ್ಕೈದು ಲೋಟ ಫಿಲ್ಟರ್ ಕಾಫಿ ಕುಡಿಯುವ ಮನೆಯಾದರೆ ಒಂದಕ್ಕಿಳಿಸಿ. ಕೆಫೀನ್ ಎದೆಬಡಿತ ಹೆಚ್ಚಿಸುತ್ತದೆ.

ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಮೊದಲ ದಿನವೇ ಹೊರಡಲಾಗದಿದ್ದರೆ ಮನೆಯಿಂದಲೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸಾಯಬೇಕು ಎಂಬ ಯೋಚನೆ ಬಂದರಂತೂ ಒಂದು ಗಳಿಗೆಯೂ ಕಾಯಬೇಡಿ. ನಡೆಯುವಾಗ ಎದೆನೋವು ಬಂದು ನಿಂತರೆ ಕಡಿಮೆಯಾಗುವುದು, ನಿಜವಾಗಿಯೇ ಜ್ಞಾನ ತಪ್ಪಿ ಬೀಳುವುದು ಕಂಡರೆ ಮತ್ತೆ ಹೃದಯದ ಪರೀಕ್ಷೆ ಆಗಬೇಕು.

ಮದುವೆ ವಿಷಯ. ಎರಡು ತಿಂಗಳಲ್ಲಿ ಪೂರ್ತಿ ಗುಣವಾಗುತ್ತೀರಿ ಎಂದು ನಾನು ಮಾತು ಕೊಡಲಾರೆ. ಆದರೆ ಹೋಗಿ ಬರಬಹುದು. ಮೊದಲೇ ಒಂದು ಸಲ ರೈಲಿನಲ್ಲಿ ಶ್ರೀರಂಗಪಟ್ಟಣದವರೆಗೆ, ಇನ್ನೊಂದು ಸಲ ಮಂಡ್ಯದವರೆಗೆ ಹೋಗಿ ಬನ್ನಿ. ಮದುವೆ ದಿನ ಧಾರೆ ಹೊತ್ತಿಗೆ ಎದೆ ಹೊಡೆದುಕೊಂಡರೆ ಅಕ್ಕನಿಗೆ ಹೇಳಿ ಛತ್ರದ ಬಾಗಿಲಿಗೆ ಬಂದು ನಿಲ್ಲಿ, ಮನೆಗೆ ಮಾತ್ರ ಹೊರಡಬೇಡಿ. ಗಾಬರಿ ಇಳಿದ ಮೇಲೆ ಒಳಗೆ ಹೋಗಿ ಅಕ್ಷತೆ ಹಾಕಿ, ಊಟದ ಪಂಕ್ತಿಯಲ್ಲಿ ಕೂತುಕೊಳ್ಳಿ.